ಒಂದು ಊರು, ಎರಡು ಕಾರ್ಖಾನೆ, ಎರಡು ನಾಲಿಗೆ

ರಾಜಕೀಯದವರ ಆಷಾಢಭೂತಿತನ ಮತ್ತು ಸುದ್ದಿವಾಹಿನಿಗಳ ಅಬ್ಬರದ ಬಗ್ಗೆ ಪ್ರಶ್ನೆಗಳನ್ನು ಕಳಿಸಿರೆಂದು ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯ ಊರುಗಳಿಂದಲೇ ಬಂದಿವೆ. ನಾನೂ ಸಾಗರ ತಾಲ್ಲೂಕಿನವನಾದ್ದರಿಂದ ಅವುಗಳನ್ನು ಓದುವಾಗ ಪರವೂರಿನ ಸಮಾಚಾರ ಓದಿದಂತಾಗಲಿಲ್ಲ. ಬರೀ ಬೈಗುಳವಿದ್ದ ಪತ್ರಗಳನ್ನು ಬದಿಗಿಟ್ಟು, ಪ್ರಶ್ನೆ ಇರುವವುಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ವಿಐಎಸ್‌ಎಲ್‌ನಲ್ಲಿ ಗುತ್ತಿಗೆ ಕಾರ್ಮಿಕನಾಗಿದ್ದವನು. ಪ್ರತಿ ಚುನಾವಣೆಗೂ ಎಲ್ಲ ಪಕ್ಷದವರು ಗೇಟಿನ ಮುಂದೆ ನಿಂತು ‘ಕಾರ್ಖಾನೆ ಉಳಿಸುತ್ತೇವೆ’ ಎನ್ನುತ್ತಾರೆ. ಇವರಲ್ಲಿ ಯಾರ ಮಾತು ನಿಜ? — ಓದುಗರು, ಭದ್ರಾವತಿ

ನಿಮ್ಮ ಊರಿನಲ್ಲಿ ಎರಡು ದೊಡ್ಡ ಕಾರ್ಖಾನೆಗಳಿವೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ. ಒಂದು, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಹುಟ್ಟಿ 1923ರಲ್ಲಿ ಕಬ್ಬಿಣ ಉತ್ಪಾದನೆ ಆರಂಭಿಸಿದ ಉಕ್ಕಿನ ಕಾರ್ಖಾನೆ, ಅಂದರೆ ನೀವು ದುಡಿದ ವಿಐಎಸ್‌ಎಲ್. ಅದು 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರೊಳಗೆ ವಿಲೀನವಾಯಿತು. ಇನ್ನೊಂದು, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ. ಅದು ರಾಜ್ಯ ಸರ್ಕಾರದ್ದು. ಉಕ್ಕಿನ ಕಾರ್ಖಾನೆಯ ಷೇರು ವಿಕ್ರಯಕ್ಕೆ 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು, ಕೊಳ್ಳುವವರು ಸಿಗಲಿಲ್ಲವೆಂದು 2022ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಟ್ಟಿತು, 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತು ಹೋಗಿದ್ದವು.

ಈಗ ಗೇಟಿನ ಮುಂದಿನ ಭಾಷಣಗಳನ್ನು ನೆನಪಿಸಿಕೊಳ್ಳಿ. ಕೇಂದ್ರದಲ್ಲಿ ಆಳುವ ಪಕ್ಷದ ಮುಖಂಡರಿಗೆ ಕಾಗದ ಕಾರ್ಖಾನೆಯ ಕಾರ್ಮಿಕರ ಕಣ್ಣೀರು ಕಾಣುತ್ತದೆ. ಉಕ್ಕಿನ ಕಾರ್ಖಾನೆಯ ಮಾತು ಬಂದರೆ ‘ಪ್ರಯತ್ನ ನಡೆದಿದೆ’ ಎಂಬ ಎರಡು ಪದಗಳಲ್ಲಿ ಅವರ ಉತ್ತರ ಮುಗಿಯುತ್ತದೆ. ರಾಜ್ಯದಲ್ಲಿ ಆಳುವ ಪಕ್ಷದವರಿಗೆ ಉಕ್ಕಿನ ಕಾರ್ಖಾನೆಯ ಮೇಲೆ ಕೇಂದ್ರದ ಮಲತಾಯಿ ಧೋರಣೆ ಕಾಣುತ್ತದೆ. ಅಲ್ಲಿಂದ ಕೂಗಳತೆಯಲ್ಲಿರುವ, ತಮ್ಮದೇ ಸರ್ಕಾರದ ಕಾಗದ ಕಾರ್ಖಾನೆಯ ಬೀಗ ಕಾಣುವುದಿಲ್ಲ. ಕಾಗದದ ಯಂತ್ರ ನಿಂತ ದಿನದಿಂದ ಇಂದಿನವರೆಗೆ ವಿಧಾನಸೌಧದಲ್ಲಿ ಕಾಂಗ್ರೆಸ್, ಜನತಾದಳ, ಬಿಜೆಪಿ ಮೂರೂ ಅಧಿಕಾರದಲ್ಲಿ ಕುಳಿತು ಎದ್ದಿವೆ. ಆದ್ದರಿಂದ ಮೂರು ಪಕ್ಷಗಳಲ್ಲಿ ಯಾವುದೂ ತನ್ನ ಕೈ ಶುದ್ಧವೆಂದು ಹೇಳಿಕೊಳ್ಳುವ ಸ್ಥಿತಿಯಲ್ಲಿಲ್ಲ.

ಕಷ್ಟದ ಮಾತನ್ನು ಯಾರೂ ಆಡಲಿಲ್ಲ ಎಂಬುದು ನನಗೆ ಹೆಚ್ಚು ನೋವು ತರುವ ಸಂಗತಿ. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಉಕ್ಕಿನ ಕಾರ್ಖಾನೆಗೆ ಸ್ವಂತ ಗಣಿ ಎಂಬುದು ಇರಲಿಲ್ಲ. ಸ್ವಂತ ಅದಿರಿಲ್ಲದ, ಹೊಸ ಬಂಡವಾಳ ಕಾಣದ ಕಾರ್ಖಾನೆ ಪೇಟೆಯಲ್ಲಿ ಹೇಗೆ ನಿಲ್ಲಬೇಕು ಎಂಬ ಪ್ರಶ್ನೆಗೆ ಲೆಕ್ಕ ಸಮೇತ ಉತ್ತರ ಕೊಟ್ಟ ಭಾಷಣವನ್ನು ನಾನು ಈವರೆಗೆ ಕೇಳಿಲ್ಲ. ಮುಂದಿನ ಸಲ ಗೇಟಿನ ಮುಂದೆ ಬಂದವರು ಯಾವ ಪಕ್ಷದವರೇ ಆಗಿರಲಿ, ತಮ್ಮ ಸರ್ಕಾರದ ಕೈಯಲ್ಲಿರುವ ಕಾರ್ಖಾನೆಯ ಬಗ್ಗೆ ಮೊದಲು ಮಾತಾಡಲಿ ಎಂದು ನೀವೆಲ್ಲ ಒಂದೇ ದನಿಯಲ್ಲಿ ಕೇಳಿ. ಯಾರು ನಿಜ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಾಡಿನ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಒದಗಿಸುತ್ತಿದ್ದದ್ದು ಅದೇ ಕಾಗದ ಕಾರ್ಖಾನೆ. ಆ ಕಾಗದದ ಮೇಲೆ ಅಚ್ಚಾದ ಪತ್ರಿಕೆಗಳಾದರೂ ಅದರ ಸಾವನ್ನು ಮುಖಪುಟದಲ್ಲಿ ಹೇಳಬೇಕಿತ್ತು. ಪತ್ರಿಕೆಯಲ್ಲಿ ಬರೆಯುವ ನನ್ನಂಥವರಿಗೂ ಈ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ಸಿಗಂದೂರು ಸೇತುವೆಯ ಉದ್ಘಾಟನೆಯ ದಿನ ಟಿ.ವಿ.ಯಲ್ಲಿ ಇಡೀ ದಿನ ಆಹ್ವಾನ ಪತ್ರಿಕೆಯ ಜಗಳವೇ ನಡೆಯಿತು. ಹಿನ್ನೀರಿನಾಚೆ ಬದುಕಿದ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಏಕೆ? — ಓದುಗರು, ತುಮರಿ

ಜಗಳಕ್ಕೆ ಕ್ಯಾಮೆರಾ ಬೇಗ ತಿರುಗುತ್ತದೆ, ಬದುಕಿಗೆ ತಿರುಗಬೇಕಾದರೆ ತಾಳ್ಮೆ ಬೇಕು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಸಿಗಂದೂರು ಸೇತುವೆಯನ್ನು, ಅಂದರೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಉದ್ಘಾಟಿಸಿದರು. ತಮ್ಮನ್ನು ಸರಿಯಾಗಿ ಸಂಪರ್ಕಿಸದೆ ದಿನಾಂಕ ನಿಗದಿ ಮಾಡಿದ್ದಾರೆಂದು ಮುಖ್ಯಮಂತ್ರಿಗಳು ಹೋಗಲಿಲ್ಲ. ಆಹ್ವಾನ ಕಳಿಸಿದ್ದೆವು ಎಂದು ಕೇಂದ್ರದವರು ಹೇಳಿದರು. ಶಿಷ್ಟಾಚಾರ ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಒಕ್ಕೂಟ ವ್ಯವಸ್ಥೆಯಲ್ಲಿ ಅದಕ್ಕೂ ಬೆಲೆಯಿದೆ. ಆದರೆ ಅದು ಐದು ನಿಮಿಷದ ಸುದ್ದಿ.

ಅದೇ ದಿನ ಹೇಳಬೇಕಾಗಿದ್ದ ಸುದ್ದಿ ಬೇರೆಯದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಶರಾವತಿಯ ನೀರು ಹಿಂದೆ ಹಿಂದೆ ಸರಿದು ಗದ್ದೆ, ತೋಟ, ದೇವಸ್ಥಾನ, ಮನೆಗಳನ್ನು ಮುಳುಗಿಸಿತು. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಕಾಡಿನ ಅಂಚುಗಳಲ್ಲಿ ಇಳಿಸಲಾಯಿತು. ಆ ನೀರಿನಿಂದ ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್ ಹುಟ್ಟಿ ನಾಡಿನ ದೀಪಗಳು ಬೆಳಗಿದವು. ನೀರಿನಾಚೆ ಉಳಿದವರು ಲಾಂಚಿಗಾಗಿ ಕಾಯುತ್ತ ಅರವತ್ತು ವರ್ಷ ಕಳೆದರು. ರಾತ್ರಿ ಹೆರಿಗೆ ನೋವು ಬಂದ ಹೆಂಗಸನ್ನು ಜೀಪಿನಲ್ಲಿ ದಡಕ್ಕೆ ತಂದು, ಲಾಂಚ್ ನಿಂತು ಹೋಗಿದೆಯೆಂದು ತಿಳಿದು, ಸಾಗರಕ್ಕೆ ಸುತ್ತು ಬಳಸಿ ಹೋದ ಕಥೆ ನಿಮ್ಮ ಕಡೆ ಮನೆಗೊಂದು ಸಿಗುತ್ತದೆ. ಲಾಂಚು ದಡಕ್ಕೆ ತಾಗುವಾಗ ಆಗುವ ಆ ಕಬ್ಬಿಣದ ಸದ್ದು, ಬಸ್ಸು ಮೊದಲು ಇಳಿಯಲೆಂದು ಜನ ಬದಿಗೆ ಸರಿದು ನಿಲ್ಲುವ ರೀತಿ, ಚಳಿಗೆ ಶಾಲು ಹೊದ್ದ ಮುದುಕಿಯರು ರೇಲಿಂಗ್ ಹಿಡಿದು ನೀರನ್ನೇ ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವರಲ್ಲಿ ಕೆಲವರು ನೋಡುತ್ತಿದ್ದದ್ದು ತಮ್ಮ ತವರುಮನೆ ಇದ್ದ ಜಾಗವನ್ನು.

ಸುಮಾರು 2.4 ಕಿಲೋಮೀಟರಿನ ಆ ಸೇತುವೆ ಮೇಲೆ ನಿಂತು ಎರಡೂ ಪಕ್ಷದವರು ‘ಮುಳುಗಡೆ ಸಂತ್ರಸ್ತರ ತ್ಯಾಗ’ ಎಂಬ ಪದವನ್ನು ಬಳಸುತ್ತಾರೆ. ಆ ಸಂತ್ರಸ್ತರ ಭೂಮಿಯ ಹಕ್ಕು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಪೂರ್ವಾನುಮತಿ ಪಡೆಯದೆ ರಾಜ್ಯ ಸರ್ಕಾರಗಳು ಹೊರಡಿಸಿದ, ಅವರ ಜಮೀನನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ ಡಿನೋಟಿಫಿಕೇಶನ್ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಅನುಮತಿ ಬೇಕೆಂಬುದು ಆದೇಶ ಬರೆದ ಅಧಿಕಾರಿಗಳಿಗೂ ಸಹಿ ಹಾಕಿದವರಿಗೂ ತಿಳಿಯದ ವಿಷಯವಾಗಿರಲಿಲ್ಲ. ಹಕ್ಕುಪತ್ರ ಹಂಚುವ ಸಮಾರಂಭದ ಫೋಟೋ ಅವರಿಗೆ ದಕ್ಕಿತು, ಜಮೀನು ಜನರಿಗೆ ದಕ್ಕಲಿಲ್ಲ. ಇದನ್ನು ನಾನು ಮೋಸವೆಂದೇ ಕರೆಯುತ್ತೇನೆ. ಉದ್ಘಾಟನೆಯ ದಿನ ಒಬ್ಬ ನಿರೂಪಕನಾದರೂ ಈ ಒಂದು ಪ್ರಶ್ನೆಯನ್ನು ಎರಡೂ ಕಡೆಯವರ ಮುಂದೆ ಇಟ್ಟಿದ್ದರೆ, ಆಹ್ವಾನ ಪತ್ರಿಕೆಯ ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತು.

ಪ್ರಶ್ನೆ: ಪಕ್ಷಾಂತರ ಮಾಡಿದವರನ್ನು ‘ದ್ರೋಹಿ’ ಎನ್ನುವ ಪಕ್ಷವೇ ಮರುದಿನ ಬೇರೆಯವರನ್ನು ಹಾರ ಹಾಕಿ ಸೇರಿಸಿಕೊಳ್ಳುತ್ತದೆ. ಕಾನೂನೇ ಇಲ್ಲವೇ? — ಓದುಗರು, ಶಿಕಾರಿಪುರ

ಕಾನೂನು ಇದೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಆದರೆ ಅದು ಪಕ್ಷ ಬಿಟ್ಟವರ ಸ್ಥಾನವನ್ನು ಕಳೆಯುತ್ತದೆಯೇ ಹೊರತು ಅವರನ್ನು ಮತ್ತೆ ಚುನಾವಣೆಗೆ ನಿಲ್ಲದಂತೆ ತಡೆಯುವುದಿಲ್ಲ. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವಕಾಶವನ್ನೂ ಕೊಟ್ಟಿತು. ಡಿಸೆಂಬರಿನಲ್ಲಿ ಅವರಲ್ಲಿ ಹೆಚ್ಚಿನವರು ಬಿಜೆಪಿಯಿಂದ ನಿಂತು ಗೆದ್ದರು, ಕೆಲವರು ಸಚಿವರೂ ಆದರು. ಆಗ ‘ಪ್ರಜಾಪ್ರಭುತ್ವದ ಕಗ್ಗೊಲೆ’ ಎಂದ ಕಾಂಗ್ರೆಸ್ 2023ರಲ್ಲಿ ಬಿಜೆಪಿಯ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರನ್ನು ಸೇರಿಸಿಕೊಂಡು ವಿಧಾನ ಪರಿಷತ್ ಸದಸ್ಯತ್ವವನ್ನೂ ಕೊಟ್ಟಿತು. ಅವರು 2024ರ ಜನವರಿಯಲ್ಲಿ ಮರಳಿ ಬಿಜೆಪಿಗೆ ಹೋದರು. ಹೋಗುವಾಗ ದ್ರೋಹ, ಬರುವಾಗ ಮನೆಗೆ ಮರಳಿದ ಮಗ. ಕಾನೂನಿನ ಆ ಸಂದಿಯನ್ನು ಮುಚ್ಚಬೇಕೆಂದು ಯಾವ ಪಕ್ಷವೂ ಗಟ್ಟಿಯಾಗಿ ಕೇಳುತ್ತಿಲ್ಲ, ಏಕೆಂದರೆ ಆ ಸಂದಿ ಎಲ್ಲರಿಗೂ ಬೇಕಾಗಿದೆ.

ಪ್ರಶ್ನೆ: ಹುಣಸೋಡು ಸ್ಫೋಟದ ರಾತ್ರಿ ಟಿ.ವಿ.ಯಲ್ಲಿ ಭೂಕಂಪ ಎಂದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲು ಇವರಿಗೆ ಏನು ಕಷ್ಟ? — ಗೃಹಿಣಿ, ವಿನೋಬನಗರ, ಶಿವಮೊಗ್ಗ

2021ರ ಜನವರಿ 21ರ ರಾತ್ರಿ ಹತ್ತರ ಮೇಲೆ ನಿಮ್ಮ ಮನೆಯ ಕಿಟಕಿಯ ಗಾಜುಗಳು ಅದುರಿದಂತೆ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಅದುರಿದವು. ಅಡುಗೆಮನೆಯ ಹಲಗೆಯ ಮೇಲಿದ್ದ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದಾದವೆಂದು ನನಗೆ ಶಿವಮೊಗ್ಗದ ಬಂಧುಗಳು ಫೋನಿನಲ್ಲಿ ಹೇಳಿದರು. ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದು ನಿಂತರು. ಆ ಹೊತ್ತಿನಲ್ಲಿ ಭೂಕಂಪವೆಂದು ಭಯಪಡುವುದು ಸಹಜ. ಬೀದಿಯಲ್ಲಿ ನಿಂತವರು ಹಾಗೆ ಅಂದುಕೊಂಡರೆ ತಪ್ಪಿಲ್ಲ. ಆದರೆ ಸ್ಟುಡಿಯೋದಲ್ಲಿ ಕುಳಿತವರು ಬೀದಿಯ ಭಯವನ್ನೇ ಕೆಂಪು ಅಕ್ಷರಗಳಲ್ಲಿ ಬರೆದು ಅದೇ ಬೀದಿಗೆ ಮರಳಿ ಕಳಿಸಿದರು. ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಟಿ.ವಿ.ಯಲ್ಲಿ ಬಂದ ಮೇಲೆ ಖಚಿತವಾಯಿತು. ಕಲ್ಲುಕ್ವಾರಿಗೆ ತಂದಿದ್ದ ಸ್ಫೋಟಕಗಳು ಸಿಡಿದು ಕಾರ್ಮಿಕರು ಛಿದ್ರವಾಗಿದ್ದಾರೆಂಬ ಸತ್ಯ ಆಮೇಲೆ ತಿಳಿಯಿತು.

ಗೊತ್ತಿಲ್ಲ ಎನ್ನಲು ಏನು ಕಷ್ಟವೆಂದು ಕೇಳಿದ್ದೀರಿ. ಗೊತ್ತಿಲ್ಲ ಎಂದ ವಾಹಿನಿಯನ್ನು ಬಿಟ್ಟು ನೋಡುಗ ಮುಂದಿನ ವಾಹಿನಿಗೆ ಹೋಗುತ್ತಾನೆಂಬ ಅಂಜಿಕೆಯೇ ಆ ಕಷ್ಟ. ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆಂಬ ಟಿಆರ್‌ಪಿ ಲೆಕ್ಕವನ್ನು ಮಾಡುವ ಬಾರ್ಕ್ ಸಂಸ್ಥೆ 2020ರಲ್ಲಿ ಇಡೀ ದೇಶದಲ್ಲಿ ಸುಮಾರು 44,000 ಮನೆಗಳಲ್ಲಿ ಮೀಟರ್ ಇಟ್ಟಿತ್ತು. ಅಷ್ಟು ಮನೆಗಳ ಅಂಕಿಯನ್ನು ಹಿಡಿದು ಜಾಹೀರಾತಿನ ಹಣ ಹಂಚಿಕೆಯಾಗುತ್ತದೆ. ಆ ಅಂಕಿಗಳಲ್ಲೇ ಅಕ್ರಮ ನಡೆದ ಆರೋಪ ಮುಂಬಯಿಯಲ್ಲಿ ಎದ್ದಾಗ, ಅಕ್ಟೋಬರಿನಲ್ಲಿ ಸುದ್ದಿವಾಹಿನಿಗಳ ವಾರದ ರೇಟಿಂಗನ್ನೇ ನಿಲ್ಲಿಸಬೇಕಾಯಿತು. ಅದು ಮತ್ತೆ ಆರಂಭವಾದದ್ದು 2022ರ ಮಾರ್ಚಿನಲ್ಲಿ. ಅಂದರೆ ಹುಣಸೋಡಿನ ರಾತ್ರಿ ರೇಟಿಂಗ್ ಇರಲೇ ಇಲ್ಲ. ಅಳೆಯುವವರು ಇಲ್ಲದ ಕಾಲದಲ್ಲೂ ಓಟ ನಿಲ್ಲಲಿಲ್ಲ, ಅಷ್ಟರ ಮಟ್ಟಿಗೆ ಅದು ಅಭ್ಯಾಸವಾಗಿ ಹೋಗಿದೆ.

ತಪ್ಪು ಹೇಳಿದ್ದಕ್ಕಿಂತ ದೊಡ್ಡ ಅಪರಾಧ ನಂತರ ನಡೆಯಿತು. ಕೆಲವು ದಿನ ಹುಣಸೋಡಿನ ಹೊಗೆ, ಡ್ರೋನ್ ದೃಶ್ಯ, ಪರಸ್ಪರ ಆರೋಪ ಎಲ್ಲವೂ ಬಂತು, ಆಮೇಲೆ ಕ್ಯಾಮೆರಾಗಳು ಬೇರೆ ಕಡೆ ಹೊರಟವು. ಒಂದೇ ತಿಂಗಳಲ್ಲಿ, ಫೆಬ್ರವರಿಯಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ಯಾವ ಜಿಲ್ಲೆಯಲ್ಲಿ ಎಷ್ಟು ಕ್ವಾರಿಗಳಿಗೆ ಪರವಾನಗಿ ಇದೆ, ಸ್ಫೋಟಕ ಯಾರ ಹೆಸರಿನಲ್ಲಿ ಬರುತ್ತದೆ, ಎಲ್ಲಿ ದಾಸ್ತಾನಾಗುತ್ತದೆ, ಯಾರು ಪರಿಶೀಲಿಸಬೇಕು ಎಂಬ ಪ್ರಶ್ನೆಗಳನ್ನು ಆ ಒಂದು ತಿಂಗಳು ಪಟ್ಟು ಹಿಡಿದು ಕೇಳಿದ್ದರೆ ಆ ಆರು ಜೀವಗಳು ಉಳಿಯುತ್ತಿದ್ದವೋ ಇಲ್ಲವೋ ಹೇಳಲಾರೆ. ಕೇಳುವುದು ಮಾತ್ರ ಸುದ್ದಿಯವರ ಕರ್ತವ್ಯವಾಗಿತ್ತು.

ಪ್ರಶ್ನೆ: ಮಂಗನ ಕಾಯಿಲೆಯಿಂದ ನಮ್ಮ ಕಡೆ ಜನ ಸಾಯುತ್ತಾರೆ. ಅದು ಟಿ.ವಿ.ಗೆ ಸುದ್ದಿಯೇ ಅಲ್ಲವೇ? — ಆಶಾ ಕಾರ್ಯಕರ್ತೆ, ಸೊರಬ ತಾಲ್ಲೂಕು

ಆ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಕಾಡು ನಿಮ್ಮ ತಾಲ್ಲೂಕಿನದೇ. 1957ರಲ್ಲಿ ವೈರಸ್ ಪತ್ತೆಯಾದದ್ದು ಅಲ್ಲಿ. ಇಷ್ಟು ವರ್ಷಗಳ ನಂತರವೂ ಸೊಪ್ಪು, ಸೌದೆ, ದರಗು ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತದೆ, ಚಳಿಗಾಲದಿಂದ ಬೇಸಿಗೆಯವರೆಗೆ ಮನೆಗಳಲ್ಲಿ ಆತಂಕ ಇರುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ವಾಹಿನಿಗಳು ಬಂದವು. ಸತ್ತ ಮಂಗನ ದೇಹವನ್ನು ಹತ್ತಿರದಿಂದ ತೋರಿಸಿದರು. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದರ ಬಳಕೆ ನಿಂತ ಮೇಲೆ, ಹೊಸ ಲಸಿಕೆಗಾಗಿ ಜನ ಏಕೆ ಇಷ್ಟು ಕಾಯಬೇಕು ಎಂಬುದನ್ನು ಕೇಳಲು ಮಾತ್ರ ಅಷ್ಟು ಕ್ಯಾಮೆರಾಗಳು ಬರಲಿಲ್ಲ.

ಇಲ್ಲಿಯೂ ರಾಜಕಾರಣಿ ಮತ್ತು ವಾಹಿನಿ ಒಂದೇ ದಾರಿಯಲ್ಲಿ ನಡೆಯುತ್ತಾರೆ. ಸಾವಾದಾಗ ಸಚಿವರ ಭೇಟಿ, ಭೇಟಿಯಾದ್ದರಿಂದ ಸುದ್ದಿ, ಸುದ್ದಿಯಾದ್ದರಿಂದ ಭರವಸೆ. ಮಳೆ ಬಿದ್ದು ಉಣುಗು ಕಡಿಮೆಯಾದೊಡನೆ ಮೂರೂ ಒಟ್ಟಿಗೆ ಮಾಯವಾಗುತ್ತವೆ. ಆಮೇಲೂ ಮನೆ ಮನೆಗೆ ಹೋಗಿ ಮೈಗೆ ಹಚ್ಚುವ ಎಣ್ಣೆ ಹಂಚುವವರು, ಜ್ವರ ಬಂದವರ ರಕ್ತದ ಮಾದರಿ ಕಳಿಸಲು ಓಡಾಡುವವರು ನೀವು. ನಿಮ್ಮ ಬಾಕಿ ಗೌರವಧನದ ಬಗ್ಗೆಯೂ ಪತ್ರದಲ್ಲಿ ಬರೆದಿದ್ದೀರಿ. ಅದನ್ನು ಪ್ರತ್ಯೇಕವಾಗಿ ಸಂಪಾದಕರ ಗಮನಕ್ಕೆ ತಂದಿದ್ದೇನೆ.

ಪ್ರಶ್ನೆ: ಕಸ್ತೂರಿರಂಗನ್ ವರದಿ ಜಾರಿಯಾದರೆ ಮನೆಗೆ ಹೆಂಚು ಹೊದಿಸಲೂ ಬಿಡುವುದಿಲ್ಲ ಎಂದು ನಮ್ಮ ಮುಖಂಡರು ಹೇಳುತ್ತಾರೆ. ಟಿ.ವಿ.ಯಲ್ಲೂ ಹಾಗೇ ಬಂತು. ನಿಜವೇ? — ಕೃಷಿಕರು, ಹೊಸನಗರ

ಪಶ್ಚಿಮ ಘಟ್ಟವನ್ನು ಉಳಿಸಲು ಕೊಟ್ಟ ಆ ವರದಿಯನ್ನು ಆಧರಿಸಿ, ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳ ಬಗ್ಗೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಗಣಿಗಾರಿಕೆ, ಕಲ್ಲುಕ್ವಾರಿ ಮತ್ತು ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಹೊಸ ಕೈಗಾರಿಕೆಗಳು, 20,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳು ಮತ್ತು ಟೌನ್‌ಶಿಪ್‌ಗಳು, ಇವಿಷ್ಟಕ್ಕೆ ಮುಖ್ಯವಾಗಿ ನಿಷೇಧ. ಇರುವ ವಾಸದ ಮನೆಯ ದುರಸ್ತಿಗಾಗಲಿ, ಆಸ್ತಿಯ ಒಡೆತನ ಬದಲಾಗುವುದಕ್ಕಾಗಲಿ ಅಡ್ಡಿಯಿಲ್ಲವೆಂದು ಅದರಲ್ಲೇ ಬರೆದಿದೆ. ನಿಮ್ಮ ಹೆಂಚಿಗೆ ಅದರಿಂದ ಯಾವ ಅಪಾಯವೂ ಇಲ್ಲ.

ಹಾಗೆಂದು ಮಲೆನಾಡಿನ ರೈತನ ಆತಂಕವೆಲ್ಲ ಸುಳ್ಳೆಂದು ನಾನು ಹೇಳಲಾರೆ. ಬಗರ್‌ಹುಕುಂ ಅರ್ಜಿ, ಸೊಪ್ಪಿನಬೆಟ್ಟ, ಕಂದಾಯ–ಅರಣ್ಯ ಇಲಾಖೆಗಳ ಜಂಟಿ ಸರ್ವೆಯ ಗೊಂದಲ, ಇವುಗಳ ನಡುವೆ ಬದುಕುವವನಿಗೆ ‘ಸೂಕ್ಷ್ಮ ಪ್ರದೇಶ’ ಎಂಬ ಪದ ಕೇಳಿದರೆ ಎದೆ ನಡುಗುವುದು ಅನುಭವದಿಂದ ಬಂದದ್ದು. ಆ ಭಯವನ್ನು ಕೂತು ಬಿಡಿಸಿ ಹೇಳಬೇಕಾದವರು ಜನಪ್ರತಿನಿಧಿಗಳು. 2014ರಿಂದ ಈಚೆಗೆ ಆರು ಸಲ ಕರಡು ಬಂದಿದೆ. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರಲ್ಲಿದೆ. ಕನ್ನಡದಲ್ಲಿ ಅದನ್ನು ಅಚ್ಚು ಹಾಕಿಸಿ, ಗ್ರಾಮಸಭೆಯಲ್ಲಿ ಓದಿಸಿ, ಆಕ್ಷೇಪ ಬರೆಸಿಕೊಂಡ ಶಾಸಕರು ನಿಮ್ಮ ಪಂಚಾಯಿತಿಗೆ ಬಂದಿದ್ದರೆ ನನಗೆ ತಿಳಿಸಿ, ಅವರ ಹೆಸರನ್ನು ಇದೇ ಅಂಕಣದಲ್ಲಿ ಸಂತೋಷದಿಂದ ಬರೆಯುತ್ತೇನೆ. ಕೇಂದ್ರದಲ್ಲಿ ಕರಡು ಹೊರಡಿಸುವ ಪಕ್ಷದ ಮುಖಂಡರೇ ಇಲ್ಲಿ ಬಂದು ಅದನ್ನು ವಿರೋಧಿಸುತ್ತಾರೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಪರಿಸರದ ಬಗ್ಗೆ ಮರುಗಿದ ನಮ್ಮ ರಾಜ್ಯದ ಆಡಳಿತ ಪಕ್ಷ ಎರಡು ತಿಂಗಳೊಳಗೆ ಸಂಪುಟದಲ್ಲಿ ವರದಿಯನ್ನು ತಿರಸ್ಕರಿಸಿತು. ತಿರಸ್ಕರಿಸುವ ಹಕ್ಕು ಅದಕ್ಕಿದೆ. ಆದರೆ ಗುಡ್ಡ ಬಿದ್ದಾಗ ಒಂದು ಮಾತು, ಗುಡ್ಡ ಉಳಿಸುವ ದಿನ ಇನ್ನೊಂದು ಮಾತು ಎಂಬುದು ಎರಡೂ ಕಡೆ ಒಂದೇ ತೆರನಾಗಿದೆ. ನಿಷೇಧದ ಪಟ್ಟಿಯ ಮೊದಲ ಸಾಲಿನಲ್ಲಿರುವ ಕ್ವಾರಿ ಮತ್ತು ಮರಳಿನವರು ಯಾರ ಚುನಾವಣೆಗೆ ಖರ್ಚು ಮಾಡುತ್ತಾರೆಂದು ವಾಹಿನಿಗಳು ಹುಡುಕಲಿ. ಹೆಂಚಿನ ಕಥೆಯನ್ನು ಯಾರು, ಏಕೆ ಹಬ್ಬಿಸಿದರೆಂಬುದಕ್ಕೂ ಅಲ್ಲಿ ಉತ್ತರ ಸಿಗಬಹುದೆಂದು ನನ್ನ ಅನುಮಾನ.

ಪ್ರಶ್ನೆ: ‘ಬಿಟ್ಟಿ ಭಾಗ್ಯ’ ಎಂದು ಹೀಯಾಳಿಸುವವರು ತಾವೂ ಉಚಿತ ಘೋಷಿಸುತ್ತಾರಲ್ಲ? — ಓದುಗರು, ಆನಂದಪುರ

ಹೌದು. 2022ರ ಜುಲೈಯಲ್ಲಿ ಪ್ರಧಾನಿಯವರು ‘ರೇವಡಿ ಸಂಸ್ಕೃತಿ’ ದೇಶಕ್ಕೆ ಅಪಾಯವೆಂದರು. 2023ರ ಮೇ ತಿಂಗಳ ಚುನಾವಣೆಗೆ ಅದೇ ಪಕ್ಷ ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದು ಪ್ರಣಾಳಿಕೆಯಲ್ಲಿ ಬರೆಯಿತು. ಇತ್ತ ಕಾಂಗ್ರೆಸ್ 2019ರ ಪ್ರಣಾಳಿಕೆಯಲ್ಲಿ ಎಪಿಎಂಸಿ ಕಾಯ್ದೆಯನ್ನು ರದ್ದು ಮಾಡುತ್ತೇವೆಂದು ಬರೆದು, ಮರುವರ್ಷ ಕೇಂದ್ರ ತಂದ ಕೃಷಿ ಕಾನೂನುಗಳಿಂದ ಎಪಿಎಂಸಿ ಸಾಯುತ್ತದೆಂದು ಬೀದಿಗಿಳಿಯಿತು. ಸಾಗರದ ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಮೂಟೆ ಇಳಿಸಿದವರು ಎರಡನ್ನೂ ಓದಿದ್ದರೆ ಇಬ್ಬರನ್ನೂ ಪ್ರಶ್ನಿಸಬಹುದಿತ್ತು. ಬಡವರಿಗೆ ಕೊಡುವುದು ತಪ್ಪೆಂದು ನಾನು ಭಾವಿಸಿಲ್ಲ. ತಾನು ಕೊಟ್ಟರೆ ಕಲ್ಯಾಣ, ಬೇರೆಯವರು ಕೊಟ್ಟರೆ ಬಿಟ್ಟಿ ಎಂಬ ಮಾತು ಪಡೆಯುವವರಿಗೆ ಮಾಡುವ ಅವಮಾನ.

ಪ್ರಶ್ನೆ: ಅಡಿಕೆಯ ಬಗ್ಗೆ ಇವರು ನಿಜವಾಗಿ ಏನು ಯೋಚಿಸುತ್ತಾರೆ? — ಬೆಳೆಗಾರರು, ತೀರ್ಥಹಳ್ಳಿ

ದೆಹಲಿಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ನಮ್ಮ ಬೆಳೆಯ ಮುಂದಿನ ಗತಿ ಏನು, ಎಲೆಚುಕ್ಕೆ ರೋಗದಿಂದ ಹೋದ ತೋಟಕ್ಕೆ ಬದಲಿ ಏನು ಎಂಬ ಪ್ರಾಮಾಣಿಕ ಚರ್ಚೆ ನಮಗೆ ಬೇಕಾಗಿತ್ತು. ಅದರ ಬದಲು ಆರೋಗ್ಯದ ವೇದಿಕೆಯಲ್ಲಿ ಅಡಿಕೆ ವಿಷ, ಮಲೆನಾಡಿನ ವೇದಿಕೆಯಲ್ಲಿ ಅಡಿಕೆ ನಮ್ಮ ಸಂಸ್ಕೃತಿ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯಿಲ್ಲದೆ ತರಲು ಕೇಂದ್ರ ಅನುಮತಿ ಕೊಟ್ಟಿತು, ಮುಂದಿನ ಫೆಬ್ರವರಿಯಲ್ಲಿ ಉಳಿದ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಎರಡನೆಯದನ್ನು ಹೇಳುವ ಫ್ಲೆಕ್ಸ್ ನಮ್ಮ ಪೇಟೆಗಳಲ್ಲಿ ನೋಡಿದ್ದೇನೆ, ಮೊದಲನೆಯದನ್ನು ಹೇಳುವ ಫ್ಲೆಕ್ಸನ್ನು ನೋಡಿಲ್ಲ.

ಪ್ರಶ್ನೆ: ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಇದನ್ನೆಲ್ಲ ನೋಡಿದ ಮೇಲೂ ಈ ಕೆಲಸಕ್ಕೆ ಬರಬೇಕೇ? — ವಿದ್ಯಾರ್ಥಿನಿ, ಶಂಕರಘಟ್ಟ

ಖಂಡಿತ ಬನ್ನಿ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದು ಗೇಣಿ ಅಳೆಯುವ ಕೊಳಗದ ಅಳತೆಯ ವಿಚಾರವಾಗಿ. ಒಂದು ಕೊಳಗ ಎಷ್ಟು ದೊಡ್ಡದು ಎಂಬ ಸಣ್ಣ ವಿವರವನ್ನು ಬಿಡದೆ ಹಿಡಿದದ್ದರಿಂದ ಶಾಂತವೇರಿ ಗೋಪಾಲಗೌಡರಂಥವರು ಅಲ್ಲಿಗೆ ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಗೋಪಾಲಗೌಡರು ಮರುವರ್ಷ ವಿಧಾನಸಭೆಗೆ ಹೋದರು. ಇಂದಿನ ಕೊಳಗಗಳನ್ನು ಅಳೆದು ನೋಡುವ ವರದಿಗಾರರು ನಮಗೆ ಬೇಕು. ತಾಲ್ಲೂಕು ಮಟ್ಟದಲ್ಲಿ ದುಡಿಯುವ ಎಷ್ಟೋ ವರದಿಗಾರರು ಸುದ್ದಿಗಿಷ್ಟು ಎಂಬ ಅಲ್ಪ ಹಣಕ್ಕೆ ದುಡಿಯುತ್ತಾರೆ, ಜಾಹೀರಾತು ತರುವ ಹೊಣೆಯನ್ನೂ ಅವರ ಹೆಗಲಿಗೇ ಹಾಕಲಾಗುತ್ತದೆ. ಯಾರ ಬಗ್ಗೆ ಬರೆಯಬೇಕೋ ಅವರ ಬಳಿಯೇ ಹುಟ್ಟುಹಬ್ಬದ ಜಾಹೀರಾತು ಕೇಳಬೇಕಾದವನು ಹೇಗೆ ಬರೆದಾನು? ಅವರನ್ನು ದೂರುವ ಮುನ್ನ ಈ ಏರ್ಪಾಡನ್ನು ದೂರಬೇಕು. ಕೆಲಸಕ್ಕೆ ಸೇರುವ ಮೊದಲು ಎರಡು ವಿದ್ಯೆ ಕಲಿತುಕೊಳ್ಳಿ: ಅಭ್ಯರ್ಥಿಯ ಅಫಿಡವಿಟ್ಟನ್ನು ಪೂರ್ತಿಯಾಗಿ ಓದುವುದು ಮತ್ತು ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು.

ಪ್ರಶ್ನೆ: ಸುಳ್ಳು ಸುದ್ದಿ ಬಂದರೆ ಸಾಮಾನ್ಯರು ಯಾರಿಗೆ ದೂರು ಕೊಡಬಹುದು? — ಓದುಗರು, ರಿಪ್ಪನ್‌ಪೇಟೆ

ಪತ್ರಿಕೆಯ ವಿರುದ್ಧ ಭಾರತೀಯ ಪತ್ರಿಕಾ ಮಂಡಳಿಗೆ ಬರೆಯಬಹುದು. ಅದು 1978ರ ಕಾಯ್ದೆಯಡಿ ಇರುವ ಸಂಸ್ಥೆ. ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು. ಟಿ.ವಿ.ಯಾದರೆ ಮೊದಲು ವಾಹಿನಿಗೇ ಬರೆಯಬೇಕು, ಉತ್ತರ ಸಮಾಧಾನ ತರದಿದ್ದರೆ ಸುದ್ದಿವಾಹಿನಿಗಳು ತಾವೇ ಮಾಡಿಕೊಂಡಿರುವ ಎನ್‌ಬಿಡಿಎಸ್‌ಎ ಎಂಬ ಪ್ರಾಧಿಕಾರಕ್ಕೆ ಹೋಗಬೇಕು. ಅದರ ಸದಸ್ಯ ವಾಹಿನಿಗಳಿಗೆ ಮಾತ್ರ ಅದರ ಮಾತು ನಡೆಯುತ್ತದೆ. ಅದು ಆಗ ಹಾಕಬಹುದಾಗಿದ್ದ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ ದಂಡ ಏನೇನೂ ಸಾಲದೆಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆದರೂ ದೂರು ಬರೆಯಿರಿ. ಪ್ರಸಾರವಾದ ದಿನ, ಹೊತ್ತು, ಕಾರ್ಯಕ್ರಮದ ಹೆಸರು ಬರೆದಿಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ವಾಹಿನಿಗೆ ದೂರು ತಲುಪಬೇಕಾದದ್ದು ಪ್ರಸಾರವಾದ ಏಳು ದಿನಗಳೊಳಗೆ.

ಈ ಏಳು ದಿನದ ವಿಷಯ ನನಗೆ ಗೊತ್ತಾದದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ ವಾಹಿನಿಯೊಂದರವರು ನಮ್ಮೂರಿಗೆ ಬಂದು, ನಾಟಿಗೆಂದು ನೀರು ಕಟ್ಟಿದ್ದ ನಮ್ಮ ಗದ್ದೆಯಲ್ಲಿ ಮೊಣಕಾಲವರೆಗೆ ಇಳಿದು ನಿಂತು, ‘ಪ್ರವಾಹದಲ್ಲಿ ಮುಳುಗಿದ ಬೆಳೆ’ ಎಂದು ವರದಿ ಮಾಡಿದರು. ಸಸಿಯನ್ನು ಇನ್ನೂ ಕಿತ್ತೇ ಇರಲಿಲ್ಲ, ಅಗೆಮಡಿಯಲ್ಲೇ ಇತ್ತು. ಗದ್ದೆಯ ಬದುವಿನ ಮೇಲೆ ನಿಂತಿದ್ದ ನಮ್ಮ ನೆರೆಮನೆಯ ಹಿರಿಯರನ್ನು ಕರೆದು, ತಲೆಯ ಮೇಲೆ ಕೈ ಹೊತ್ತು ಕುಳಿತುಕೊಳ್ಳುವಂತೆ ಎರಡು ಸಲ ಹೇಳಿದರು. ಬಂದವರು ದೊಡ್ಡವರೆಂದು ಗೌರವವಿಟ್ಟು ಆ ಹಿರಿಯರು ಕುಳಿತರು. ಸಂಜೆ ಟಿ.ವಿ.ಯಲ್ಲಿ ಅವರನ್ನು ಬೆಳೆ ಕಳೆದುಕೊಂಡು ಕಂಗಾಲಾದ ರೈತ ಎಂದು ತೋರಿಸಿದಾಗ, ದೂರದೂರಿನಲ್ಲಿದ್ದ ಅವರ ಮಗಳು ಗಾಬರಿಯಿಂದ ಫೋನ್ ಮಾಡಿ ಅತ್ತಳು. ಅದೇ ವಾರ ಆಚೆ ಕೇರಿಯಲ್ಲಿ ನಿಜವಾಗಿಯೂ ಧರೆ ಕುಸಿದು ಒಂದು ಕೊಟ್ಟಿಗೆ ಹೋಗಿತ್ತು, ಎರಡು ಹಸುಗಳು ಸತ್ತಿದ್ದವು. ಅಲ್ಲಿಗೆ ಹೋಗಲು ಕೆಸರಿನಲ್ಲಿ ಎರಡು ಮೈಲಿ ನಡೆಯಬೇಕಾಗಿದ್ದರಿಂದ ಅವರು ಹೋಗಲಿಲ್ಲ.

ನಾನು ವಿವರವಾಗಿ ಮೂರು ಪುಟದ ಪತ್ರ ಬರೆದೆ, ಹಿರಿಯರ ಸಹಿಯನ್ನೂ ಹಾಕಿಸಿದೆ. ಅಂಚೆಗೆ ಹಾಕಿದ್ದು ಒಂಬತ್ತನೆಯ ದಿನ.